ಸದ್ದಿಲ್ಲದ ಗಾಡಿ ಓಡಿದ ವರ್ಷ

ಕಳೆದ ಚಳಿಗಾಲದಲ್ಲಿ ಮನೆಗೆ ಬಂದ ನೆಂಟರನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ವಿಠ್ಠಲ ದೇವಸ್ಥಾನದ ದಾರಿಯಲ್ಲಿ ಈಗ ಬ್ಯಾಟರಿ ಗಾಡಿಗಳು ಓಡಾಡುತ್ತವೆ. ಅವುಗಳನ್ನು ಓಡಿಸುವವರಲ್ಲಿ ಸುತ್ತಲಿನ ಊರುಗಳ ಹೆಣ್ಣುಮಕ್ಕಳೂ ಇದ್ದಾರೆ. ಸರದಿಯಲ್ಲಿ ನಿಲ್ಲಲು ಬೇಸರವಾಗಿ ನಾನೊಬ್ಬಳೇ ಮುಂದೆ ನಡೆದುಕೊಂಡು ಹೊರಟಿದ್ದೆ. ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸಿ ತಿರುಗುವಷ್ಟರಲ್ಲಿ ಗಾಡಿಯೊಂದು ನನ್ನ ಮೊಣಕೈಗೆ ತಾಗುವಂತೆ ಬಂದು ನಿಂತಿತ್ತು.

"ಬಾಜೂಕ ಸರೀರಿ ಅಕ್ಕಾರ. ಇದು ಸದ್ದ ಮಾಡಂಗಿಲ್ಲ," ಎಂದು ಓಡಿಸುತ್ತಿದ್ದ ಹುಡುಗಿ ನಕ್ಕಳು. ಒಳಗೆ ಕೂತಿದ್ದ ನಮ್ಮ ನೆಂಟರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಹತ್ತಿರದ ಬಂಡೆಯ ಮೇಲೆ ಕೂತುಬಿಟ್ಟೆ. ನೀರು ಕುಡಿಸಿದರು, ಬಿಸಿಲು ಹತ್ತಿದೆ ಅಂದರು. ಹೌದೆಂದೆ. ಸಂಡೂರಿನ ಆಚೆಯ ಒಂದು ಹಳ್ಳಿಯಲ್ಲಿ ಒಂದು ಮಳೆಗಾಲದಿಂದ ಬೇಸಿಗೆಯವರೆಗೆ ನಡೆದದ್ದನ್ನು ಅಲ್ಲಿ, ಅವರ ಮುಂದೆ, ಹೇಗೆ ಹೇಳುವುದು?

ಗುಡ್ಡಗಳೆಲ್ಲ ಲಾರಿ ಹತ್ತಿ ಬಂದರಿನ ದಾರಿ ಹಿಡಿದಿದ್ದ ವರ್ಷಗಳವು. ಹೊಸಪೇಟೆಯ ಲಾಡ್ಜುಗಳಲ್ಲಿ ಕೋಣೆ ಸಿಗುತ್ತಿರಲಿಲ್ಲ. ಸಂಡೂರು ರಸ್ತೆಯಲ್ಲಿ ಲಾರಿಗಳ ಸಾಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಕಬ್ಬಿಣದ ಅದಿರಿನ ಧೂಳು ಬೇರೆ ಧೂಳಿನಂತಲ್ಲ. ಭಾರ, ಜಿಡ್ಡು. ಬೇವಿನ ಎಲೆ, ಎಮ್ಮೆಯ ಬೆನ್ನು, ಒಣಗಲು ಹಾಕಿದ ಪಂಚೆ, ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುತ್ತಿದ್ದವು. ಕೆಲವರಿಗೆ ಆ ಬಣ್ಣ ಬಂಗಾರದ್ದು. ಅಂಥವರ ಮಾತೇ ಊರ ತುಂಬ.

ನನಗಾಗ ಇಪ್ಪತ್ತೈದರ ಆಸುಪಾಸು. ಕಂಪ್ಲಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಗಿರಣಿಯ ಮೋಟಾರು ಕೆಟ್ಟಾಗಲೆಲ್ಲ ಅಪ್ಪನ ಹಿಂದೆ ನಿಂತು ನೋಡುತ್ತ ಕರೆಂಟಿನ ಹುಚ್ಚು ಹತ್ತಿಸಿಕೊಂಡವಳು ನಾನು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಹೊಸಪೇಟೆಯ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಕತ್ತಲೆಯ ಹಳ್ಳಿಗಳಿಗೆ ಸೌರ ದೀಪ ಕೊಡುವುದು ಸಂಸ್ಥೆಯ ಕೆಲಸ. ಯಾವ ಊರಿಗೆ ಎಷ್ಟು ದೀಪ ಬೇಕು, ಎಲ್ಲಿ ಚಾರ್ಜ್ ಮಾಡಬೇಕು ಎಂದು ಯೋಜನೆ ಹಾಕುವುದು ನನ್ನ ಪಾಲಿಗೆ ಬಂದಿತ್ತು.

ಹಾಗೆ ವಿಚಾರಿಸಿಕೊಂಡು ಹೋದ ಊರುಗಳಲ್ಲಿ ಸಂಡೂರಿನ ಆಚೆಯ ಆ ಹಳ್ಳಿಯೂ ಒಂದು. ಯಶವಂತನಗರದಿಂದ ಒಳಗೆ, ಹೊಲಗಳ ನಡುವೆ ಇರುವ ಊರು. ಕರೆಂಟಿನ ಕಂಬಗಳಿದ್ದವು. ಸಂಜೆ ಬಲ್ಬಿನೊಳಗಿನ ತಂತಿ ಕೆಂಪಗಾಗುತ್ತಿತ್ತು, ಬೆಳಕು ಬರುತ್ತಿರಲಿಲ್ಲ. ಹುಲಿಗೆಮ್ಮ ಎಂಬ ಹೆಂಗಸಿನ ಮನೆಯ ಕಟ್ಟೆಯಲ್ಲಿ ಕೂತು ದೀಪದ ವಿಷಯ ವಿವರಿಸಿದೆ. ಆಕೆಗೆ ಮೂವತ್ತರ ಮೇಲೆ ಒಂದೆರಡು ವರ್ಷ ಇರಬಹುದು. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲು ಸುತ್ತಿಕೊಂಡಿದ್ದಳು. ಗಣಿಯಲ್ಲಿ ಅದಿರು ಆರಿಸಲು ಹೋಗುವ ಹೆಂಗಸರ ವೇಷವೇ ಅದು. ನನ್ನ ಮಾತನ್ನೆಲ್ಲ ಕೇಳಿ ಆಕೆ ಅಂದದ್ದು ಇಷ್ಟು:

"ದೀಪ ಕೊಡ್ತೀರಿ, ಛಲೋ ಆತು. ಆ ದೀಪದಾಗ ನನ್ನ ಮಗಳು ಏನು ಓದಬೇಕ್ರಿ? ಸಾಲೀನ ಬಿಡಿಸೀವಿ."

ಒಳಬಾಗಿಲಲ್ಲಿ ನಿಂತಿದ್ದ ಮಗಳು ರೇಣುಕಾ ತಲೆ ತಗ್ಗಿಸಿದಳು. ಎಂಟನೇ ಇಯತ್ತೆ ಪಾಸಾದ ಹುಡುಗಿ. ಹೈಸ್ಕೂಲು ಇದ್ದದ್ದು ಯಶವಂತನಗರದಲ್ಲಿ, ಹೋಗಬೇಕಾದದ್ದು ಲಾರಿಗಳ ರಸ್ತೆಯಲ್ಲಿ. ಹಿಂದಿನ ವರ್ಷ ಈ ಊರಿನ ಹುಡುಗಿಯೊಬ್ಬಳ ಸೈಕಲ್ಲು ಲಾರಿಯಡಿ ಸಿಕ್ಕು ಚಪ್ಪಟೆಯಾಗಿತ್ತು. ಹುಡುಗಿ ಹೊಲಕ್ಕೆ ಹಾರಿಕೊಂಡು ಉಳಿದಿದ್ದಳು. ಅದಾದ ಮೇಲೆ ಅಪ್ಪಂದಿರೆಲ್ಲ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಿದ್ದರು. ಹೊಲದ ನಡುವೆ ಹಳೆಯ ಬಂಡಿದಾರಿ ಒಂದಿತ್ತು. ನಡೆದು ಹೋಗಲು ದೂರ, ನಡುವೆ ಹಳ್ಳ, ಜಾಲಿಯ ಕಂಟಿ. ಹರೆಯದ ಮಕ್ಕಳನ್ನು ಆ ದಾರಿಯಲ್ಲಿ ಕಳಿಸಲು ಯಾರಿಗೂ ಧೈರ್ಯವಿರಲಿಲ್ಲ.

ಹೊಸಪೇಟೆಗೆ ಮರಳುವಾಗ ಬಸ್ಸಿನಲ್ಲಿ ಆಕೆಯ ಮಾತೇ ತಲೆಯಲ್ಲಿ. ಇಳಿದವಳು ನೇರ ಪಂಪಾಪತಿಯ ಅಂಗಡಿಗೆ ಹೋದೆ.

ಪಂಪಣ್ಣ ಎಂದು ನಾನು ಕರೆಯುತ್ತಿದ್ದ ಆತ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಐವತ್ತು ದಾಟಿದ ಮನುಷ್ಯ. ಮಾತು ಜಾಸ್ತಿ, ಬಡಾಯಿ ಅದಕ್ಕಿಂತ ಜಾಸ್ತಿ. ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಆಟೋದ ಇಂಜಿನ್ ಕಿತ್ತುಹಾಕಿ, ಬ್ಯಾಟರಿ ಮತ್ತು ಮೋಟಾರು ಕೂರಿಸಿ ಓಡಿಸುವ ಪ್ರಯತ್ನದಲ್ಲಿ ವರ್ಷಗಟ್ಟಲೆಯಿಂದ ಬಿದ್ದಿದ್ದ. ಹೆಂಡತಿ ಅದನ್ನು ಸವತಿ ಅನ್ನುತ್ತಿದ್ದಳು.

"ತಂಗೀ, ನೀ ಹ್ಞೂಂ ಅನ್ನು ಸಾಕು," ಅಂದ ಪಂಪಣ್ಣ. "ಇವತ್ತ ನಿನ್ನ ಹಳ್ಳಿ. ನಾಳೆ ಹಂಪಿ. ಆಮ್ಯಾಗ ಹೊಸಪೇಟಿಂದ ಕಂಪ್ಲಿ ಮಟ ಊರಿಗೊಂದು ಚಾರ್ಜಿಂಗ್ ಮನಿ. ಸೂರ್ಯಪ್ಪ ಪುಗಸಟ್ಟೆ ಕೊಡ್ತಾನ, ನಾವು ಬ್ಯಾಟ್ರಿಯಾಗ ಹಿಡಿದಿಡೋದು. ಹೊಗಿ ಇಲ್ಲ, ಸದ್ದ ಇಲ್ಲ!"

ನಾವಿಬ್ಬರೂ ಸೇರಿ ಹಾಕಿದ ಯೋಜನೆ ದೊಡ್ಡದೇನಲ್ಲ. ಊರ ಹೊರಗೆ ಒಂದು ಕೋಣೆ, ಮಾಳಿಗೆಯ ಮೇಲೆ ಸೌರ ಫಲಕಗಳು, ಒಳಗೆ ಬ್ಯಾಟರಿಗಳ ಸಾಲು. ಹಗಲು ಕೂಡಿಟ್ಟ ಕರೆಂಟಿನಿಂದ ಮನೆಮನೆಯ ದೀಪಗಳೂ ಒಂದು ಬ್ಯಾಟರಿ ಆಟೋವೂ ಚಾರ್ಜ್ ಆಗಬೇಕು. ಆ ಆಟೋ ಬಂಡಿದಾರಿಯಲ್ಲಿ ಹುಡುಗಿಯರನ್ನು ಹೈಸ್ಕೂಲಿಗೆ ಬಿಟ್ಟು, ಸಂಜೆ ಕರೆತರಬೇಕು. ಮೋಡ ಮುಸುಕಿದ ದಿನಗಳಲ್ಲೂ ಗಾಡಿ ನಿಲ್ಲಬಾರದೆಂದು ಬ್ಯಾಟರಿಗಳನ್ನು ಒಂದಿಷ್ಟು ಹೆಚ್ಚಾಗಿಯೇ ಲೆಕ್ಕ ಹಾಕಿದ್ದೆ. ಹಳ್ಳದಲ್ಲಿ ನೀರು ಬಂದರೆ ಎಷ್ಟು ಜಗ್ಗುತ್ತದೆ, ಏರಿನಲ್ಲಿ ಎಷ್ಟು ತಿನ್ನುತ್ತದೆ, ಎಲ್ಲವನ್ನೂ ಕೂತು ಯೋಚಿಸಿದ್ದೆವು.

ಊರಿನ ವೀರನಗೌಡರು ಜಾಗ ಕೊಟ್ಟರು. ಮೊದಲು ಡಾಂಬರು ರಸ್ತೆಯ ಪಕ್ಕ ತೋರಿಸಿದರು. ಧೂಳಿಗೆ ಫಲಕಗಳು ಮುಚ್ಚಿಹೋಗುತ್ತವೆಂದು ನಾನು ಬೇಡವೆಂದೆ. ಊರ ಹಿಂದಿನ ದಿಬ್ಬಕ್ಕೆ ಕರೆದೊಯ್ದರು. ಸುತ್ತ ಶೇಂಗಾ, ಜೋಳದ ಹೊಲ. ಬಂಡಿದಾರಿ ಅದರ ಬುಡದಲ್ಲೇ ಹಾದುಹೋಗುತ್ತಿತ್ತು. ಅಲ್ಲಿ ನಿಂತರೆ ಗುಡ್ಡಗಳ ಗಾಯ ಕಾಣುತ್ತಿತ್ತೇ ಹೊರತು ಅದರ ಧೂಳು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಅನ್ನಿಸಿತು. ಸಂಸ್ಥೆಯವರು ಹಣ ಕೊಟ್ಟರು, ಕೋಣೆ ಎದ್ದಿತು, ಪಂಪಣ್ಣನ ಗಾಡಿಯೂ ಸಿದ್ಧವಾಯಿತು.

ಗಾಡಿ ಓಡಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಊರ ಗಂಡಸರು ಯಾರೂ ಮುಂದೆ ಬರಲಿಲ್ಲ. ಗಣಿಯ ಕೂಲಿ ಬಿಟ್ಟು ಇದಕ್ಕೆ ಬರುವವರಾರು? ಹುಲಿಗೆಮ್ಮ ಎದ್ದು ನಿಂತಳು.

"ನಾ ಹೊಡಿತೀನ್ರಿ."

ಕಟ್ಟೆಯ ಮೇಲಿದ್ದವರು ನಕ್ಕರು. "ಎತ್ತಿನ ಬಂಡಿ ಅಂತ ತಿಳದಿಯೇನಬೇ?" ಎಂದರು ಯಾರೋ.

"ಎತ್ತು ಹೊಡದೀನಿ, ಗಂಡನ್ನೂ ಹೊಡಕೊಂಡು ಹೊಂಟೀನಿ. ಇದೇನು ಮಹಾ?" ಅಂದಳು. ನಕ್ಕವರು ಇನ್ನಷ್ಟು ನಕ್ಕರು, ಆದರೆ ಈ ಸಲ ಆಕೆಯ ಜೊತೆಗೆ.

ಗೌಡರ ಕಣದಲ್ಲಿ ಪಂಪಣ್ಣ ಕಲಿಸಿದ. ಮೊದಲ ದಿನ ಬಣವೆಗೆ ಗುದ್ದಿದಳು. ಮರುದಿನ ಪಂಪಣ್ಣನನ್ನೇ ಬಣವೆಗೆ ಒರಗಿಸಿದಳು. ವಾರ ಕಳೆಯುವಷ್ಟರಲ್ಲಿ ಕಣದ ಸುತ್ತ ಮಕ್ಕಳನ್ನು ಹೇರಿಕೊಂಡು ತಿರುಗುತ್ತಿದ್ದಳು. ಊರಲ್ಲಿ ಗಾಡಿಗೆ ಒಂದು ಹೆಸರೂ ಬಿತ್ತು. ಸದ್ದಿಲ್ಲದೆ ಬರುವ ಅದನ್ನು ಎಲ್ಲರೂ 'ಮೂಕಿ' ಎಂದು ಕರೆದರು.

ಮೂಕಿ ಹೈಸ್ಕೂಲಿನ ದಾರಿ ಹಿಡಿದ ದಿನ ಜಿಟಿಜಿಟಿ ಮಳೆ. ಏಳೆಂಟು ಹುಡುಗಿಯರು, ಒಬ್ಬರ ತೊಡೆಯ ಮೇಲೆ ಒಬ್ಬರು, ಎರಡು ಜಡೆಗೆ ಕೆಂಪು ರಿಬ್ಬನ್ನು. ರೇಣುಕಾ ಒಂಬತ್ತನೆಯ ಇಯತ್ತೆಯ ಹೊಸ ಪುಸ್ತಕಗಳನ್ನು ದಾವಣಿಯ ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ನಾನು ಹಿಂದಿನ ಹಲಗೆಯ ಮೇಲೆ ಜೋತುಬಿದ್ದಿದ್ದೆ. ಹಳ್ಳದ ಬಳಿ ಗಾಲಿ ಹೂತು ನಿಂತಿತು. ಹುಡುಗಿಯರು ಲಂಗ ಎತ್ತಿ ಕಟ್ಟಿ, ಕೆಸರಿಗಿಳಿದು ನೂಕಿದರು. ಮೇಲೆ ಬಂದಾಗ ಎಲ್ಲರ ಮುಖದ ಮೇಲೂ ಕೆಸರು, ಎಲ್ಲರಿಗೂ ನಗು. ಸ್ವಲ್ಪ ಮುಂದೆ ದಾರಿಯ ನಡುವೆ ಕೌಜುಗ ಹಕ್ಕಿಗಳ ಹಿಂಡು ಮೇಯುತ್ತಿತ್ತು. ಗಾಡಿ ತೀರ ಹತ್ತಿರ ಹೋದರೂ ಅವು ಏಳಲಿಲ್ಲ. ಹುಲಿಗೆಮ್ಮ ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟು ನನ್ನತ್ತ ತಿರುಗಿದಳು.

"ನೋಡ್ರಿ ಅಕ್ಕಾರ," ಪಿಸುಗುಟ್ಟಿದಳು. "ಹಕ್ಕಿ ಸುದ್ದಾ ಹೆದರಲಿಲ್ಲ. ಗಣ್ಯಾಗ ಇದ್ದಾಗ ನನ್ನ ಕಿವಿಯಾಗ ಯಾವಾಗ್ಲೂ ಲಾರಿನ. ಮಕ್ಕೊಂಡ್ರೂ ಲಾರಿ. ಇದರಾಗ ಕುಂತ್ರ ನನ್ನ ಉಸುರು ನನಗ ಕೇಳತೈತಿ."

ಆ ಮಳೆಗಾಲ ನಾನು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದೆ. ಬ್ಯಾಟರಿಗೆ ನೀರು ಹಾಕುವುದು, ತಂತಿ ನೋಡುವುದು ನೆಪ. ಸಂಜೆ ಹೆಂಗಸರು ದೀಪ ಒಯ್ಯಲು ದಿಬ್ಬಕ್ಕೆ ಬರುತ್ತಿದ್ದರು. ಬಂದವರು ಹಾಗೇ ಹೋಗುತ್ತಿರಲಿಲ್ಲ. ಎಲೆಯಡಿಕೆ ಹಾಕಿಕೊಂಡು, ಅತ್ತೆಯರನ್ನು ಬೈದು, ಮಳೆಯನ್ನು ಹೊಗಳಿ, ಹೊತ್ತು ಮುಳುಗಿದ ಮೇಲೆ ಒಂದೊಂದು ಬೆಳಕಾಗಿ ಕೆಳಗಿಳಿಯುತ್ತಿದ್ದರು.

ಹುಲಿಗೆಮ್ಮನ ಗಂಡ ಹನುಮಂತ ಅದಿರು ಲಾರಿಯ ಡ್ರೈವರು. ಗುಡ್ಡದಿಂದ ಬಂದರಿಗೆ, ಬಂದರಿನಿಂದ ಗುಡ್ಡಕ್ಕೆ. ಮನೆ ಕಾಣುತ್ತಿದ್ದದ್ದು ಅಪರೂಪ. ದಸರೆಗೆ ಬಂದಾಗ ಜೊತೆಗೆ ಗಾದಿಲಿಂಗ ಎಂಬ ಗೆಳೆಯನನ್ನೂ ಕರೆತಂದಿದ್ದ. ಅವನೂ ಅದೇ ಮಾಲೀಕರ ಇನ್ನೊಂದು ಲಾರಿಯ ಡ್ರೈವರು, ಗುಂತಕಲ್ಲಿನ ಕಡೆಯವನು, ಮಾತಿನಲ್ಲಿ ಅರ್ಧ ತೆಲುಗು. ಹೆಂಡತಿ ಓಡಿಸುವ ಗಾಡಿಯಲ್ಲಿ ಹನುಮಂತ ಹಿಂದೆ ಕೂತು ಊರೆಲ್ಲ ಸುತ್ತಿದ.

"ನಂದು ಹತ್ತು ಗಾಲಿದು, ನಿಂದು ಬರೇ ಮೂರು," ಎಂದು ಕೆಣಕಿದ.

"ಹತ್ತು ಗಾಲಿ ಇದ್ರೂ ನೀ ಮನೀಗೆ ಬರಾಕ ತಿಂಗಳ ಬೇಕು. ನನ್ನ ಮೂರು ಗಾಲಿ ದಿನಾ ಮನೀಗೆ ಬರತಾವು."

ಗಾದಿಲಿಂಗ ಬಿದ್ದು ಬಿದ್ದು ನಕ್ಕ. "ನಮ್ಮ ವದಿನ ಮಾತಿಗೆ ಬ್ರೇಕೇ ಇಲ್ಲ ಬಿಡು," ಅಂದ. ಅತ್ತಿಗೆ ಅನ್ನಲು ಅವನು ವದಿನ ಅನ್ನುತ್ತಿದ್ದ. ಆ ಸಂಜೆ ಅವರ ಮನೆಯ ಅಂಗಳದಲ್ಲಿ ಎಲ್ಲರೂ ಕೂತು ಹೋಳಿಗೆ ಉಂಡೆವು. ರೇಣುಕಾ ಬಡಿಸಿದಳು.

ಮಳೆ ನಿಂತ ಮೇಲೆ ದಿನಗಳು ತಿರುಗಿದವು. ದೀಪಾವಳಿ ಆಗಿತ್ತೋ ಇಲ್ಲವೋ, ದಿಬ್ಬದ ಆಚೆಗಿನ ಹೊಲಗಳನ್ನು ಯಾರೋ ಗುತ್ತಿಗೆ ಹಿಡಿದು ಸಮ ಮಾಡಿಸಿದರು. ಅಲ್ಲಿ ಅದಿರು ಪ್ಲಾಟು ಬಂತು. ಗುಡ್ಡದಿಂದ ಅದಿರು ತಂದು ರಾಶಿ ಹಾಕುವುದು, ರಾಶಿಯಿಂದ ಬೇರೆ ಲಾರಿಗೆ ತುಂಬುವುದು. ಡಾಂಬರು ರಸ್ತೆಯ ಸಾಲು ತಪ್ಪಿಸಲು ಲಾರಿಗಳಿಗೆ ಬಂಡಿದಾರಿ ಸಿಕ್ಕಿತು. ಜಾಲಿಯ ಕಂಟಿ ಕಡಿದರು, ಹಳ್ಳಕ್ಕೆ ಮಣ್ಣು ತುಂಬಿದರು. ಹುಡುಗಿಯರು ಕೆಸರಿಗಿಳಿದು ನೂಕಿದ ಜಾಗ ಎಲ್ಲೆಂದು ನನಗೇ ಗುರುತು ಸಿಗದಂತಾಯಿತು.

ಮೊದಲು ಮಂಕಾದದ್ದು ದೀಪಗಳು. ನೆತ್ತಿಯ ಮೇಲೆ ಬಿಸಿಲು ಉರಿಯುತ್ತಿದ್ದರೂ ಬ್ಯಾಟರಿ ತುಂಬುತ್ತಿರಲಿಲ್ಲ. ಮಾಳಿಗೆ ಹತ್ತಿ ನೋಡಿದರೆ ಫಲಕಗಳ ಮೇಲೆ ಕೆಂಪು ಹೊದಿಕೆ. ಹುಲಿಗೆಮ್ಮ ದಿನಾ ಬೆಳಿಗ್ಗೆ ಒಂದು ಕೊಡ ನೀರು ಹೊತ್ತು ಏಣಿ ಹತ್ತಿ ತೊಳೆಯುತ್ತಿದ್ದಳು. ಮಧ್ಯಾಹ್ನಕ್ಕೆ ಮತ್ತೆ ಅದೇ. ಮೋಡದ ದಿನಗಳಿಗೆಂದು ನಾನು ಹೆಚ್ಚಾಗಿ ಇಟ್ಟಿದ್ದ ಕರೆಂಟನ್ನು ಧೂಳು ತಿಂದುಹಾಕಿತು. ಹೆಂಗಸರೆಲ್ಲ ಕೂಡಿ ಒಂದು ನಿರ್ಧಾರಕ್ಕೆ ಬಂದರು: ಗಾಡಿಗೆ ಮೊದಲು, ಉಳಿದರೆ ದೀಪಕ್ಕೆ. ಮಕ್ಕಳ ಸಾಲಿ ತಪ್ಪಬಾರದು. ಮನೆಗಳಲ್ಲಿ ಮತ್ತೆ ಚಿಮಣಿ ಬುಡ್ಡಿ ಹತ್ತಿದವು.

ಒಂದು ದಿನ ಹುಲಿಗೆಮ್ಮ ಮೂಕಿಯನ್ನು ದಾರಿಗೆ ಅಡ್ಡ ನಿಲ್ಲಿಸಿದಳು. ಊರ ಹೆಂಗಸರು ಅದರ ಸುತ್ತ ಕೂತರು. ಲಾರಿಗಳು ಒಂದರ ಹಿಂದೊಂದು ನಿಂತು ಹಾರ್ನ್ ಹೊಡೆದವು. ಪ್ಲಾಟಿನ ಮ್ಯಾನೇಜರು ಜೀಪಿನಲ್ಲಿ ಬಂದ. ವಯಸ್ಸಿನ ಹುಡುಗ, ಮಾತು ಮೃದು. ಗೌಡರೂ ನಾನೂ ಅವನೊಡನೆ ಮಾತಾಡಿದೆವು. ಹುಡುಗಿಯರು ಶಾಲೆಗೆ ಹೋಗುವ, ಬರುವ ಹೊತ್ತಿನಲ್ಲಿ ಲಾರಿ ಬಿಡುವುದಿಲ್ಲ, ದಾರಿಗೆ ದಿನಕ್ಕೆರಡು ಸಲ ನೀರು ಹೊಡೆಸುತ್ತೇನೆ ಎಂದು ಒಪ್ಪಿದ.

"ಮಾತು ಕೊಟ್ಟೀಯಪ್ಪ," ಅಂದಳು ಹುಲಿಗೆಮ್ಮ. "ಇವು ನಿನ್ನ ತಂಗೇರು ಇದ್ದಂಗ. ಮರೀಬ್ಯಾಡ."

ಸ್ವಲ್ಪ ದಿನ ನಡೆಯಿತು. ಆಮೇಲೆ ನೀರಿನ ಟ್ಯಾಂಕರು ಬರುವುದು ನಿಂತಿತು. ಆಮೇಲೆ ಹೊತ್ತುಗೊತ್ತು ಹೋಯಿತು. ಆಮೇಲೆ ಆ ಮ್ಯಾನೇಜರೂ ಬದಲಾದ. ಹೊಸಬನಿಗೆ ಏನೂ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲವೆಂದ.

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ನಾನು ಪಂಪಣ್ಣನ ಅಂಗಡಿಯಲ್ಲಿದ್ದೆ. ಇನ್ನೊಂದು ಗಾಡಿ ಕಟ್ಟುವ ಮಾತು ನಡೆದಿತ್ತು. ಗೌಡರಿಂದ ಫೋನು ಬಂತು. "ತಂಗೀ, ಜಲ್ದಿ ಸಂಡೂರು ದವಾಖಾನೆಗೆ ಬರ್ರಿ. ಹುಲಿಗೆಮ್ಮಂದು..." ಅಂದವರು ಫೋನು ಇಟ್ಟುಬಿಟ್ಟರು.

ಪಂಪಣ್ಣನ ಸ್ಕೂಟರಿನಲ್ಲಿ ಹೊರಟೆವು. ಘಾಟಿಯಲ್ಲಿ ಲಾರಿಗಳ ಸಾಲು ಅಲ್ಲಾಡುತ್ತಿರಲಿಲ್ಲ. ಲಾರಿ ಮತ್ತು ಬಂಡೆಯ ನಡುವೆ ಸಂದಿ ಹುಡುಕಿಕೊಂಡು, ಇಳಿದು ನೂಕಿ, ಹತ್ತಿ, ಮತ್ತೆ ಇಳಿದು. ದಾರಿಯುದ್ದಕ್ಕೂ ಪಂಪಣ್ಣ, "ಏನೂ ಆಗಿರಂಗಿಲ್ಲ, ಕೈಕಾಲು ಮುರದಿರಬೇಕು ಅಷ್ಟ," ಎನ್ನುತ್ತಲೇ ಇದ್ದ. ನಾವು ತಲುಪಿದಾಗ ಆಕೆಯನ್ನು ಹಿಂದಿನ ಕೋಣೆಗೆ ಸಾಗಿಸಿಯಾಗಿತ್ತು.

ನಡೆದದ್ದನ್ನು ಗೌಡರು ಹೇಳಿದರು. ಹುಡುಗಿಯರನ್ನು ಹೈಸ್ಕೂಲಿಗೆ ಬಿಟ್ಟು ಖಾಲಿ ಗಾಡಿಯಲ್ಲಿ ಮರಳುತ್ತಿದ್ದಳು. ಎದುರಿನಿಂದ ಒಂದು ಲಾರಿ ಹಾದುಹೋಯಿತು. ಎದ್ದ ಧೂಳಿನಲ್ಲಿ ಮುಂದಿನದೇನೂ ಕಾಣದಾಗಿ ಆಕೆ ಪಕ್ಕಕ್ಕೆ ನಿಂತಳು. ಹಾರ್ನ್ ಒತ್ತುತ್ತಲೇ ಇದ್ದಳಂತೆ, ಹೊಲದಲ್ಲಿ ಕುರಿ ಕಾಯುತ್ತಿದ್ದವರೊಬ್ಬರು ಕೇಳಿದ್ದಾರೆ. ಆ ಪುಟ್ಟ ಹಾರ್ನು ಲಾರಿಯ ಕ್ಯಾಬಿನ್ನಿಗೆ ಎಲ್ಲಿ ಕೇಳಬೇಕು? ಮೊದಲಿನದರ ಹಿಂದೆಯೇ ಬಂದ ಇನ್ನೊಂದು ಲಾರಿಯವನಿಗೆ ಅಲ್ಲೊಂದು ಗಾಡಿ ಇದೆಯೆಂದು ಕಾಣಲೂ ಇಲ್ಲ, ಕೇಳಲೂ ಇಲ್ಲ.

ಆ ಲಾರಿ ಗಾದಿಲಿಂಗನದು.

ಅಂಥ ಹೊತ್ತಿನಲ್ಲಿ ಲಾರಿ ಬಿಟ್ಟು ಓಡಿಹೋಗುವುದು ಅಲ್ಲಿ ವಾಡಿಕೆ. ನಿಂತರೆ ಜನ ಬಿಡುವುದಿಲ್ಲ. ಗಾದಿಲಿಂಗ ಓಡಲಿಲ್ಲ. ತಗಡು ಸರಿಸಿ ಮುಖ ನೋಡಿದವನು ಗುರುತು ಹಿಡಿದು ಅರಚಿದನಂತೆ. ತಾನೇ ಎತ್ತಿ ಕ್ಯಾಬಿನ್ನಿನಲ್ಲಿ ಮಲಗಿಸಿಕೊಂಡು ಸಂಡೂರಿಗೆ ಓಡಿಸಿಕೊಂಡು ಬಂದ. ದಾರಿಯಲ್ಲಿ ಪ್ರಾಣ ಹೋಗಿತ್ತು. ಅವನೇ ನಡೆದುಹೋಗಿ ಪೊಲೀಸ್ ಠಾಣೆಯಲ್ಲಿ ಕೂತಿದ್ದ.

ದವಾಖಾನೆಯ ಕಟ್ಟೆಯ ಮೇಲೆ ಏಳೆಂಟು ಹುಡುಗಿಯರು ಯೂನಿಫಾರ್ಮಿನಲ್ಲಿಯೇ ಸಾಲಾಗಿ ಕೂತಿದ್ದರು. ಸುದ್ದಿ ತಿಳಿದು ಮಾಸ್ತರರು ಕರೆತಂದಿದ್ದರು. ರೇಣುಕಾ ನಡುವೆ ಇದ್ದಳು. ಅಳುತ್ತಿರಲಿಲ್ಲ. ನನ್ನನ್ನು ಕಂಡು ಎದ್ದು ಬಂದಳು.

"ಅಕ್ಕಾರ, ಇವ್ರನ್ನೆಲ್ಲ ಈಗ ಮನೀಗೆ ಯಾರು ಕರಕೊಂಡು ಹೋಗ್ತಾರ್ರಿ?" ಎಂದು ಕೇಳಿದಳು. ತಾಯಿಯ ಕೆಲಸ ತನ್ನ ತಲೆಯ ಮೇಲೆ ಬಿದ್ದಂತೆ ಆ ಮಗು ಕೇಳಿತು. ನಾನು ಅವಳನ್ನು ಹಿಡಿದುಕೊಂಡು ಅತ್ತೆ. ಅವಳು ನನ್ನ ಬೆನ್ನು ಸವರಿದಳು.

ಹನುಮಂತ ಕರಾವಳಿಯಿಂದ ಮರುದಿನ ಬಂದ. ಮಣ್ಣು ಮಾಡಿದ ಮೇಲೆ ಠಾಣೆಗೆ ಹೋಗುತ್ತೇನೆಂದ. ಅವನು ಏನು ಮಾಡಿಬಿಡುತ್ತಾನೋ ಎಂಬ ಹೆದರಿಕೆಯಿಂದ ಗೌಡರು ಜೊತೆಗೆ ಹೊರಟರು, ನಾನೂ ಹೋದೆ. ಕಂಬಿಯ ಆಚೆ ಗಾದಿಲಿಂಗ ಗೋಡೆಗೆ ಮುಖ ಹಾಕಿ ಕೂತಿದ್ದ. ಅಂಗಿಯ ಮೇಲಿನ ಕಲೆ ರಕ್ತವೋ ಅದಿರೋ ತಿಳಿಯುತ್ತಿರಲಿಲ್ಲ. ಹನುಮಂತ ಕಂಬಿ ಹಿಡಿದು ನಿಂತ. ಕೇಳಿದ: "ನಿದ್ದಿ ಮಾಡಿ ಎಷ್ಟು ದಿನ ಆಗಿತ್ತಲೇ?"

ಗಾದಿಲಿಂಗ ತಿರುಗಲಿಲ್ಲ. ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದ.

ಹೊರಗೆ ಬಂದು ಹನುಮಂತ ಠಾಣೆಯ ಮೆಟ್ಟಿಲ ಮೇಲೆ ಕುಕ್ಕರಿಸಿದ. "ಗೌಡ್ರ, ಅವನ ಜಾಗದಾಗ ನಾ ಇದ್ರೂ ಅದ ಆಗತಿತ್ತು. ಅಂಥಾ ಧೂಳಿನ್ಯಾಗ ನಾನೂ ಕಣ್ಣು ಮುಚಗೊಂಡ ಹೊಡಿತೀನ್ರಿ. ಯಾರರ ಸಿಕ್ಕಾರಾ ಅಂತ ಹಿಂದ ತಿರುಗಿ ಸುದ್ದಾ ನೋಡಿಲ್ಲ." ಅಷ್ಟು ಹೇಳಿ ಮುಖ ಮುಚ್ಚಿಕೊಂಡ. ಆಮೇಲೆ ಅವನು ಲಾರಿ ಹತ್ತಲಿಲ್ಲ.

ಊರಲ್ಲಿ ಒಂದು ಮಾತು ಹುಟ್ಟಿತು. "ಸದ್ದ ಇದ್ದಿದ್ರ ಉಳೀತಿದ್ದಳು." ಯಾರೂ ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಮುರಿದ ಗಾಡಿಯನ್ನು ಒಯ್ಯಲು ಬಂದಿದ್ದ ಪಂಪಣ್ಣನ ಕಿವಿಗೂ ಅದು ಬಿತ್ತು. ಕೈಯಲ್ಲಿದ್ದ ಹಗ್ಗವನ್ನು ಹಾಗೇ ಬಿಟ್ಟು ದಿಬ್ಬದ ಕಲ್ಲಿನ ಮೇಲೆ ಕೂತ. ಡಾಂಬರು ರಸ್ತೆಯಲ್ಲಿ ಸದ್ದು ಮಾಡುವ ಎಷ್ಟೋ ಗಾಡಿಗಳು ಲಾರಿಗೆ ಸಿಕ್ಕಿವೆ ಎಂದೆ, ಧೂಳಿನ ತಪ್ಪಿಗೆ ಗಾಡಿಯನ್ನು ಬೈಯಬೇಡ ಎಂದೆ.

"ಇರಬಹುದು ತಂಗೀ," ಅಂದ. "ಆದ್ರ ನಾ ಆಕಿಗೆ ಸದ್ದ ಇಲ್ಲ, ಸದ್ದ ಇಲ್ಲ ಅಂತ ಹೊಗಳೇ ಕೊಟ್ಟಿದ್ದೆ."

ಅದೇ ಅವನ ಕೊನೆಯ ಬ್ಯಾಟರಿ ಗಾಡಿ. ಹಂಪಿಯ ಮಾತು, ಕಂಪ್ಲಿಯ ಮಾತು ಮತ್ತೆ ಅವನ ಬಾಯಲ್ಲಿ ಬರಲಿಲ್ಲ. ಬದುಕಿದ್ದಷ್ಟು ದಿನ ಪಂಪು, ಫ್ಯಾನುಗಳ ಮೋಟಾರು ಕಟ್ಟಿಕೊಂಡಿದ್ದ. ಮಾತೇ ಕಡಿಮೆಯಾಯಿತೆಂದು ಅವನ ಹೆಂಡತಿ ನನ್ನೆದುರು ಅಳುತ್ತಿದ್ದಳು.

ಹುಡುಗಿಯರ ಸಾಲಿ ನಿಂತಿತು. ಬೇರೆ ಯಾರಿಗಾದರೂ ಗಾಡಿ ಕಲಿಸೋಣವೆಂದು ನಾನು ಮನೆಮನೆಗೆ ಹೋದೆ. ಯಾರೂ ನನ್ನನ್ನು ಬೈಯಲಿಲ್ಲ. ಕೂರಿಸಿ ಚಹಾ ಕೊಟ್ಟರು. "ಬ್ಯಾಡ್ರಿ ಮೇಡಂ, ಆತು ಬಿಡ್ರಿ," ಎಂದರು. ಫಲಕಗಳ ಮೇಲೆ ಧೂಳು ಗಟ್ಟಿಯಾಯಿತು, ಬ್ಯಾಟರಿಗಳು ಬರಿದಾದವು. ಇದ್ದ ಸಾಮಾನನ್ನು ಕಂಪ್ಲಿ ಕಡೆಯ ಬೇರೆ ಹಳ್ಳಿಗಾದರೂ ಹಾಕೋಣವೆಂದು ಸಂಸ್ಥೆಯವರು ನಿಶ್ಚಯಿಸಿದರು. ನಾನು ವಾದಿಸಿದೆ. ಆದರೆ ಊರಿಗೇ ಬೇಡವಾದದ್ದನ್ನು ಯಾವ ಬಾಯಿಂದ ಇರಲಿ ಅನ್ನಲಿ? ಮುಂದಿನ ಜೂನಿನಲ್ಲಿ ರೇಣುಕಾಳನ್ನು ತಾಯಿಯ ತವರಾದ ಎಮ್ಮಿಗನೂರಿಗೆ ಕಳಿಸಿದರು. ಅಲ್ಲಿ ಸಾಲಿ ಕಾಲ್ನಡಿಗೆಯ ದೂರದಲ್ಲೇ ಇತ್ತು. ಹತ್ತನೆಯದು ಪಾಸಾದಳೆಂದು ಕೇಳಿದೆ. ಉಳಿದ ಹುಡುಗಿಯರಲ್ಲಿ ಯಾರೂ ಮತ್ತೆ ಸಾಲಿಯ ಮೆಟ್ಟಿಲು ಹತ್ತಲಿಲ್ಲ. ಒಬ್ಬೊಬ್ಬರ ಮದುವೆಯ ಕರೆಯೋಲೆ ನಮ್ಮ ಕಚೇರಿಗೆ ಬರುತ್ತಿತ್ತು.

ನಾವು ಸಾಮಾನು ಬಿಚ್ಚಲು ಹೋದದ್ದು ಅದಕ್ಕೂ ಮೊದಲು, ರೇಣುಕಾ ಇನ್ನೂ ಊರಲ್ಲಿದ್ದಾಗ, ಯುಗಾದಿ ಕಳೆದ ಮೇಲಿನ ಕಡು ಬಿಸಿಲಿನಲ್ಲಿ. ಕೆಲಸದವರು ಮಾಳಿಗೆಯಿಂದ ಫಲಕಗಳನ್ನು ಇಳಿಸತೊಡಗಿದರು. ನಾನು ಹನುಮಂತನಿಗೆ ಹೇಳಿ ಬರೋಣವೆಂದು ಊರೊಳಗೆ ಹೋದೆ. ಅವರ ಮನೆಯ ಎದುರಿನ ಬೇವಿನ ಮರದ ಕೆಳಗೆ ಒಬ್ಬ ಮನುಷ್ಯ ನೆಲದ ಮೇಲೆ ಕೂತಿದ್ದ. ಹತ್ತಿರ ಹೋದ ಮೇಲೆ ಗುರುತಾಯಿತು. ಗಾದಿಲಿಂಗ. ಗಡ್ಡ ಬೆಳೆದಿತ್ತು, ಅರ್ಧ ಆಳಾಗಿದ್ದ. ಜಾಮೀನಿನ ಮೇಲೆ ಬಿಡುಗಡೆಯಾಗಿ ನೇರ ಇಲ್ಲಿಗೇ ಬಂದಿದ್ದ. ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದಾನೆ, ಒಳಗೆ ಬರಲಿಲ್ಲ, ಎಂದು ಪಕ್ಕದ ಮನೆಯವರು ಹೇಳಿದರು. ಓಣಿಯ ಬಾಗಿಲುಗಳಲ್ಲೆಲ್ಲ ಜನ ನಿಂತಿದ್ದರು.

ಹನುಮಂತ ಹೊಲದಿಂದ ಬಂದ. ನನ್ನನ್ನು ನೋಡಿ, "ಕುಂದ್ರಿ ಮೇಡಮ್ಮಾರ," ಅಂದ. ಗಾದಿಲಿಂಗನನ್ನು ನೋಡಿದ. ಕಾಲು ತೊಳೆದುಕೊಂಡು ತನ್ನ ಕಟ್ಟೆಯ ಮೇಲೆ ಕೂತ. ಇಬ್ಬರ ನಡುವೆ ಅಂಗಳದಷ್ಟು ಬಿಸಿಲು. ಗಾದಿಲಿಂಗ ಎರಡು ಕೈ ಜೋಡಿಸಲು ಹೋದ. ಅರ್ಧಕ್ಕೆ ಎತ್ತಿದ ಕೈಗಳು ಹಾಗೇ ಇಳಿದವು.

ರೇಣುಕಾ ಒಳಗಿನಿಂದ ಅಪ್ಪನಿಗೆ ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ತಾಯಿಯ ಹಾಗೆ ತಲೆಗೆ ಟವೆಲು ಸುತ್ತಿಕೊಂಡಿದ್ದಳು. ನೀರಿನ ಚೊಂಬು ಇಟ್ಟು ಒಳಗೆ ಹೋದಳು. ಹನುಮಂತ ರೊಟ್ಟಿ ಮುರಿದ, ಬಾಯಿಗಿಡಲಿಲ್ಲ.

ಅವಳು ಮತ್ತೆ ಹೊರಗೆ ಬಂದಾಗ ಕೈಯಲ್ಲಿ ಇನ್ನೊಂದು ಗಂಗಾಳವಿತ್ತು. ನನಗೆ ತಂದಳೆಂದುಕೊಂಡು ಬೇಡವೆನ್ನಲು ಬಾಯಿ ತೆರೆದೆ. ಅವಳು ನನ್ನನ್ನು ದಾಟಿದಳು. ಮೆಟ್ಟಿಲಿಳಿದು ಅಂಗಳ ದಾಟಿ ಮರದ ಕೆಳಗೆ ಹೋಗಿ ಗಾದಿಲಿಂಗನ ಮುಂದೆ ಇಟ್ಟಳು. ಅವನು ಗಂಗಾಳವನ್ನು ನೋಡಿದ, ಮುಟ್ಟಲಿಲ್ಲ.

"ಉಣ್ಣು ಕಾಕಾ," ಅಂದಳು ರೇಣುಕಾ. ದನಿಯಲ್ಲಿ ಕನಿಕರವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹೊತ್ತಾಯಿತು, ಪಾತ್ರೆ ತೊಳೆಯುವುದಿದೆ ಎನ್ನುವ ಮನೆಯಾಕೆಯ ದನಿ ಅದು. "ಉಂಡು ಹೋಗು."

ಹನುಮಂತ ಅಲ್ಲಿಂದಲೇ ನೋಡುತ್ತಿದ್ದ. ಆಮೇಲೆ ತಲೆ ತಗ್ಗಿಸಿ ಕೈಯಲ್ಲಿದ್ದ ತುಂಡನ್ನು ಬಾಯಿಗೆ ಹಾಕಿಕೊಂಡ. ಅದನ್ನು ಕಂಡ ಮೇಲೆ ಗಾದಿಲಿಂಗನೂ ರೊಟ್ಟಿ ಮುರಿದ.

ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ನಾನು ಎದ್ದೆ, ಯಾರಿಗೂ ಹೋಗಿ ಬರುತ್ತೇನೆ ಅನ್ನಲಿಲ್ಲ. ದಿಬ್ಬದ ಮೇಲೆ ಕೆಲಸದವರು ಬ್ಯಾಟರಿಗಳನ್ನು ಟೆಂಪೋಗೆ ಏರಿಸಿ ನನಗಾಗಿ ಕಾಯುತ್ತಿದ್ದರು. ನಾವು ಅವರ ಓಣಿಯ ಮುಂದಿನಿಂದ ಹಾದುಹೋಗುವಾಗ ಅವರಿಬ್ಬರೂ ಹಾಗೆಯೇ, ಒಬ್ಬರನ್ನೊಬ್ಬರು ನೋಡದೆ, ಉಣ್ಣುತ್ತ ಕೂತಿದ್ದರು. ರೇಣುಕಾ ಮನೆಯ ಬಾಗಿಲಲ್ಲಿ ಇನ್ನೊಂದು ರೊಟ್ಟಿ ಹಿಡಿದುಕೊಂಡು, ಯಾರಿಗೆ ಮೊದಲು ಮುಗಿಯುತ್ತದೆಂದು ನೋಡುತ್ತ ನಿಂತಿದ್ದಳು.